ಬಕಿಂಗ್‌ಹ್ಯಾಮ್ ಕಾಲುವೆಯ ದೋಣಿ, ಪುಲಿಕಾಟಿನ ರಾಜಹಂಸ: ಎರಡೂ ಒಂದೇ ಸವಾರಿಯಲ್ಲಿ ಸಿಗುತ್ತವೆಯೇ?

ಪ್ರಶ್ನೆ: ನಾವು ಬೆಂಗಳೂರಿನವರು. ಜನವರಿ ಕೊನೆಯಲ್ಲಿ ನಾಲ್ಕು ದಿನ ಬಿಡುವಿದೆ. ಚೆನ್ನೈನಿಂದ ಹಳೆಯ ಬಕಿಂಗ್‌ಹ್ಯಾಮ್ ಕಾಲುವೆಯಲ್ಲೇ ದೋಣಿ ಹಿಡಿದು ಪುಲಿಕಾಟ್ ಸರೋವರ ಸೇರಿ, ರಾಜಹಂಸಗಳನ್ನು, ಅಂದರೆ ಫ್ಲೆಮಿಂಗೊಗಳನ್ನು, ಹತ್ತಿರದಿಂದ ನೋಡಿಕೊಂಡು ಬರಬೇಕೆಂಬ ಆಸೆ. ಜೊತೆಗೆ ಎಪ್ಪತ್ತೆರಡು ವರ್ಷದ ಅಪ್ಪ, ಹತ್ತು ವರ್ಷದ ಮಗಳು ಇರುತ್ತಾರೆ. ಅಪ್ಪ ಬಳ್ಳಾರಿ ಕಡೆಯವರು. ಧಾತು-ಈಶ್ವರ ಬರಗಾಲದಲ್ಲಿ ಹಸಿದವರಿಗೆ ಕೂಲಿ ಕೊಟ್ಟು ತೋಡಿಸಿದ ಕಾಲುವೆ ಅದು ಅನ್ನುತ್ತಾರೆ. ನಿಜವೇ? ದೋಣಿ ಎಲ್ಲಿ ಸಿಗುತ್ತದೆ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನೀವು ಹಾಕಿಕೊಂಡಿರುವ ಯೋಜನೆ ಆಗುವಂಥದ್ದಲ್ಲ. ಚೆನ್ನೈನೊಳಗಿನ ಕಾಲುವೆಯಲ್ಲಿ ಈಗ ಹರಿಯುವುದು ಚರಂಡಿ ನೀರು. ಎನ್ನೋರ್ ಕಡೆ ಹೋದರೆ ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿ, ಹೂಳು. ದೋಣಿ ಹತ್ತಿ ಮದರಾಸಿನಿಂದ ಪುಲಿಕಾಟಿಗೆ ಹೋಗುವ ಕಾಲ ನಮ್ಮ ಅಜ್ಜಂದಿರೊಂದಿಗೇ ಮುಗಿಯಿತು. ಹಾಗಂತ ಪ್ರವಾಸ ಕೈಬಿಡಬೇಡಿ. ಕಾಲುವೆಯನ್ನು ಬೇರೆ, ಹಕ್ಕಿಯನ್ನು ಬೇರೆ ಮಾಡಿಕೊಂಡರೆ ನಾಲ್ಕು ದಿನ ಧಾರಾಳವಾಯಿತು.

ಅಪ್ಪನವರ ಮಾತಿನಿಂದ ಶುರು ಮಾಡುತ್ತೇನೆ. ಮೂವತ್ತು ವರ್ಷ ಕಾಲುವೆ, ತೂಬು, ಏರಿಗಳ ಮೇಲೇ ಓಡಾಡಿಕೊಂಡಿದ್ದವನು ನಾನು, ನನಗೆ ಅಲ್ಲಿಂದಲೇ ರುಚಿ.

ಅವರು ಹೇಳಿದ್ದು ಅರ್ಧ ನಿಜ. ಇಡೀ ಕಾಲುವೆ ಬರಗಾಲದ್ದಲ್ಲ. ಮದರಾಸಿನಿಂದ ಉತ್ತರಕ್ಕೆ ಎನ್ನೋರ್‌ವರೆಗಿನ ಮೊದಲ ತುಂಡನ್ನು ಬೇಸಿಲ್ ಕೊಕ್ರೇನ್ ಎಂಬ ವ್ಯಾಪಾರಿ ತೋಡಿಸಿದ, ಅದು 1806ಕ್ಕೆ ಮುಗಿಯಿತು. ಜನ ಅದನ್ನು ಕೊಕ್ರೇನ್ ಕಾಲುವೆ ಎಂದೇ ಕರೆದರು. ಉಪ್ಪು, ಅಕ್ಕಿ, ಸೌದೆ ಸಾಗಿಸುವ ದೋಣಿಗಳಿಂದ ಸುಂಕ ಬರುತ್ತಿತ್ತು. 1837ರಲ್ಲಿ ಸರ್ಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. ಆಮೇಲೆ ಒಂದೊಂದೇ ತುಂಡು ಸೇರುತ್ತಾ ಉತ್ತರಕ್ಕೆ ನೆಲ್ಲೂರಿನ ಕಡೆಗೆ, ದಕ್ಷಿಣಕ್ಕೆ ಮರಕ್ಕಾಣದ ಕಡೆಗೆ ಬೆಳೆಯಿತು. ಆದರೆ ನಡುವೆ ಮದರಾಸು ನಗರದಲ್ಲೇ ಒಂದು ಕೊಂಡಿ ಕಳಚಿತ್ತು. ಉತ್ತರದ ದೋಣಿ ಕೂವಂ ನದಿಯ ಕಡೆ ನಿಲ್ಲಬೇಕು, ದಕ್ಷಿಣದ್ದು ಅಡಯಾರು ನದಿಯ ಹತ್ತಿರ. ಆ ಎರಡು ನದಿಗಳ ನಡುವಿನ ಸುಮಾರು 8 ಕಿ.ಮೀ. ತೋಡಿಸಿದ್ದೇ ಅಪ್ಪ ಹೇಳುವ ಬರಗಾಲದಲ್ಲಿ, 1877-78ರಲ್ಲಿ. ಆಗ ಮದರಾಸಿನ ಗವರ್ನರ್ ಆಗಿದ್ದವನು ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್. ಬರಗಾಲದವರು ತೋಡಿದ್ದು ಎಂಟು ಕಿಲೋಮೀಟರು, ಗವರ್ನರನ ಹೆಸರು ಬಿದ್ದದ್ದು ನಾನೂರ ಇಪ್ಪತ್ತು ಕಿಲೋಮೀಟರಿಗೆ.

ಬಳ್ಳಾರಿ ಆಗ ಮದರಾಸು ಪ್ರಾಂತ್ಯಕ್ಕೇ ಸೇರಿತ್ತು, ಇದೇ ಗವರ್ನರನ ಆಡಳಿತದಲ್ಲೇ ಇತ್ತು, ಬರ ಅತಿ ಹೆಚ್ಚು ಬಡಿದ ಜಿಲ್ಲೆಗಳಲ್ಲಿ ಒಂದಾಗಿತ್ತು. ಅಪ್ಪನವರಿಗೆ ಇದು ಗೊತ್ತೇ ಇರುತ್ತದೆ. ಗೊತ್ತಿಲ್ಲದಿರಬಹುದಾದದ್ದು ಕೂಲಿಯ ಲೆಕ್ಕ. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬರಗಾಲದ ಕಾಮಗಾರಿಗಳಲ್ಲಿ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಒಂದಾಣೆ ಸಾಕು ಎಂದು ಇಳಿಸಿದ. ಒಂದು ಪೌಂಡೆಂದರೆ ಅರ್ಧ ಕಿಲೋಗೂ ಕಡಿಮೆ, ದಿನವಿಡೀ ಮಣ್ಣು ಹೊರುವವನಿಗೆ! ಮದರಾಸಿನ ಆರೋಗ್ಯ ಕಮಿಷನರ್ ಆಗಿದ್ದ ವೈದ್ಯ ಕಾರ್ನಿಶ್ ಇದನ್ನು ಎದುರಿಸಿ ಬರೆದ, ದೊಡ್ಡ ಜಗಳವೇ ಆಯಿತು.

ಈ 8 ಕಿ.ಮೀ. ನೋಡಲು ದೋಣಿ ಬೇಡ, ಲೋಕಲ್ ರೈಲು ಸಾಕು. ಚೆನ್ನೈನ ಎಂಆರ್‌ಟಿಎಸ್ ಎಂಬ ಎತ್ತರಿಸಿದ ಲೋಕಲ್ ರೈಲುಮಾರ್ಗದ ಕಂಬಗಳನ್ನು ಬಹಳ ಕಡೆ ಈ ಕಾಲುವೆಯ ಹೊಟ್ಟೆಯಲ್ಲೇ ನಿಲ್ಲಿಸಿದ್ದಾರೆ. ಚೆಪಾಕ್‌ನಿಂದ ಗ್ರೀನ್‌ವೇಸ್ ರೋಡ್ ನಿಲ್ದಾಣದವರೆಗೆ ಅಪ್ಪನವರನ್ನು ಕಿಟಕಿ ಪಕ್ಕ ಕೂರಿಸಿ. ಕೂವಂನಿಂದ ಅಡಯಾರಿನವರೆಗೆ ಬರಗಾಲದ ತುಂಡಿನ ಗುಂಟವೇ ಹೋಗಿರುತ್ತೀರಿ. ಕೆಳಗೆ ಕಾಣುವುದು ಕಪ್ಪು ನೀರು, ಕಾಂಕ್ರೀಟು. ಮೂಗಿಗೆ ಬಡಿಯುವುದು ಏನೆಂದು ಹೇಳಬೇಕಿಲ್ಲ. ಆದರೂ ಅಪ್ಪನವರನ್ನು ಕರೆದುಕೊಂಡು ಹೋಗಿ. ಈ ಪ್ರವಾಸದಲ್ಲಿ ಅವರಿಗೆಂದೇ ಇರುವ ಜಾಗ ಇದೊಂದೇ.

ಕಾಲುವೆಯ ನೀರಿನ ಮೇಲೆ ಕೂರಲೇಬೇಕೆಂದರೆ ಚೆನ್ನೈನಿಂದ ದಕ್ಷಿಣಕ್ಕೆ ಸುಮಾರು 36 ಕಿ.ಮೀ. ದೂರದ ಮುಟ್ಟುಕಾಡಿಗೆ ಹೋಗಿ. ಕಾಲುವೆ ಅಲ್ಲಿ ಕೋವಳಂ ಹಿನ್ನೀರನ್ನು ಕೂಡುತ್ತದೆ. 1984ರಿಂದ ತಮಿಳುನಾಡು ಪ್ರವಾಸೋದ್ಯಮ ನಿಗಮದ ದೋಣಿಮನೆ ಇದೆ. ಟಿಕೆಟ್ಟು, ಲೈಫ್ ಜಾಕೆಟ್ಟು ಎಲ್ಲ ಕ್ರಮವಾಗಿದೆ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಹುಟ್ಟು ಹಾಕುವ ದೋಣಿಯನ್ನೇ ಕೇಳಿ. ಸ್ಪೀಡ್ ಬೋಟುಗಳು ಓಡಾಡಲು ಶುರುವಾದವೋ, ಹಕ್ಕಿಗಳು ಜಾಗ ಖಾಲಿ ಮಾಡುತ್ತವೆ. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ನೀರಿಗೆ ದಢಕ್ಕನೆ ಧುಮುಕುವ ರೀವ ಹಕ್ಕಿ ಕಾಣಬಹುದು. ಇಷ್ಟಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ.

ಮಗಳಿಗೆ ಅಲ್ಲೊಂದು ವಿಷಯ ತೋರಿಸಿ. ನಮ್ಮ ವಿಶ್ವೇಶ್ವರಯ್ಯ ನಾಲೆಯಂಥ ಕಾಲುವೆಗಳಲ್ಲಿ ನೀರು ಒಂದೇ ದಿಕ್ಕಿಗೆ, ಎತ್ತರದಿಂದ ತಗ್ಗಿಗೆ ಹರಿಯುತ್ತದೆ. ಬಕಿಂಗ್‌ಹ್ಯಾಮ್ ಗದ್ದೆಗೆ ನೀರುಣಿಸುವ ಕಾಲುವೆಯೇ ಅಲ್ಲ. ಕಡಲಿಗೆ ಸಮಾನಾಂತರವಾಗಿ, ಬಹಳ ಕಡೆ ದಡದಿಂದ ಒಂದೆರಡು ಕಿಲೋಮೀಟರು ಒಳಗೆ, ಮರಳದಿಣ್ಣೆಗಳ ಹಿಂದೆ ಅವಿತುಕೊಂಡು ಸಾಗುವ ದೋಣಿದಾರಿ ಅದು. ಇದರಲ್ಲಿರುವುದು ಉಪ್ಪುನೀರು. ಅಳಿವೆಗಳಿಂದ ಭರತದ ನೀರು ಒಳಕ್ಕೆ ನುಗ್ಗುತ್ತದೆ, ಇಳಿತಕ್ಕೆ ವಾಪಸು ಹೋಗುತ್ತದೆ. ನದಿ ಅಡ್ಡಬಂದ ಕಡೆ ನೀರಿನ ಮಟ್ಟ ಏರುಪೇರಾಗದಂತೆ ಜೋಡಿ ಬಾಗಿಲಿನ ಲಾಕುಗಳನ್ನು ಕಟ್ಟಿದ್ದರು. ದೋಣಿ ಒಂದು ಬಾಗಿಲಿನೊಳಗೆ ಬಂದು ನಿಲ್ಲಬೇಕು, ನೀರು ಏರಬೇಕೋ ಇಳಿಯಬೇಕೋ ಅದಾಗುವವರೆಗೆ ಕಾಯಬೇಕು, ಆಮೇಲೆ ಇನ್ನೊಂದು ಬಾಗಿಲು ತೆರೆಯುತ್ತಿತ್ತು. ಗಾಳಿ ಇದ್ದರೆ ಹಾಯಿ, ಇಲ್ಲದಿದ್ದರೆ ಗಳ ಊರಿ ನೂಕಬೇಕು. ಅದೂ ಸಾಗದಿದ್ದರೆ ದಡದ ಮೇಲಿನ ಕಾಲುದಾರಿಯಲ್ಲಿ ನಡೆಯುತ್ತಾ ಹೆಗಲಿಗೆ ಹಗ್ಗ ಹಾಕಿ ಎಳೆಯಬೇಕು. ಈಗ ರಾಕೆಟ್ಟು ಹಾರುವ ಶ್ರೀಹರಿಕೋಟಾದ ಕಾಡಿನ ಸೌದೆ ಮದರಾಸಿನ ಒಲೆಗಳಿಗೆ ಬರುತ್ತಿದ್ದದ್ದು ಹೀಗೆ.

ಉತ್ತರದಲ್ಲಿ ಪೆದ್ದಗಂಜಾಂನಿಂದ ದಕ್ಷಿಣದಲ್ಲಿ ಮರಕ್ಕಾಣದವರೆಗೆ ಸುಮಾರು 420 ಕಿ.ಮೀ., ಅದರಲ್ಲಿ 257 ಕಿ.ಮೀ. ಆಂಧ್ರದಲ್ಲಿದೆ. ಪೆದ್ದಗಂಜಾಂನಿಂದ ಮುಂದೆ ಕೃಷ್ಣಾ ನದಿಯ ಕಾಲುವೆಗಳಿಗೆ ಸೇರಿ ಕಾಕಿನಾಡದವರೆಗೂ ನೀರಲ್ಲೇ ಹೋಗಬಹುದಿತ್ತು. ರೈಲು, ಲಾರಿ ಬಂದ ಮೇಲೆ ಓಡಾಟ ಇಳಿಯಿತು, 1965 ಮತ್ತು 1966ರ ಚಂಡಮಾರುತಗಳು ಉಳಿದದ್ದನ್ನೂ ಕೆಡಿಸಿದವು. 2008ರಲ್ಲಿ ಇದನ್ನು ರಾಷ್ಟ್ರೀಯ ಜಲಮಾರ್ಗ 4ರಲ್ಲಿ ಸೇರಿಸಿದ್ದಾರೆ, ಕಾಗದದ ಮೇಲೆ. ಪಾಳುಬಿದ್ದರೂ 2004ರ ಸುನಾಮಿಯಲ್ಲಿ ದಡ ದಾಟಿ ನುಗ್ಗಿದ ನೀರನ್ನು ಹಲವು ಕಡೆ ಈ ಕಾಲುವೆಯೇ ನುಂಗಿಕೊಂಡು ಹಿಂದಿನ ಊರುಗಳನ್ನು ಉಳಿಸಿತು.

ಇನ್ನು ಪುಲಿಕಾಟ್. ಇಲ್ಲಿಗೆ ರಂಗನತಿಟ್ಟನ್ನು ತಲೆಯಲ್ಲಿಟ್ಟುಕೊಂಡು ಬರಬೇಡಿ. ಕನ್ನಡಿಗರೆಲ್ಲ ಮಾಡುವ ತಪ್ಪು ಇದು, ಮೊದಲ ಸಲ ನಾನೂ ಮಾಡಿದ್ದೆ. ರಂಗನತಿಟ್ಟಿನಲ್ಲಿ ಕಾವೇರಿ ಆಳವಾಗಿದೆ, ಹಕ್ಕಿ ನಡುಗಡ್ಡೆಯ ಮರದ ಮೇಲೆ ಕೂತಿರುತ್ತದೆ, ದೋಣಿ ಬುಡಕ್ಕೇ ಹೋಗಿ ನಿಲ್ಲುತ್ತದೆ. ಪುಲಿಕಾಟ್ 60 ಕಿ.ಮೀ. ಉದ್ದದ ತಟ್ಟೆ. ಅಗಲ ಕೆಲವು ಕಡೆ 17 ಕಿ.ಮೀ. ಮೀರುತ್ತದೆ, ಆದರೆ ಆಳ ಸರಾಸರಿ ಒಂದು ಮೀಟರು ಅಷ್ಟೆ. ಚಿಲಿಕಾ ಬಿಟ್ಟರೆ ದೇಶದಲ್ಲೇ ದೊಡ್ಡ ಉಪ್ಪುನೀರಿನ ಸರೋವರ ಇದು. ರಾಜಹಂಸ ನಿಲ್ಲುವುದು ಅದರಲ್ಲೂ ಮೊಣಕಾಲಷ್ಟು ನೀರಿರುವಲ್ಲಿ, ಅದರ ಮೊಣಕಾಲು ಅನ್ನಿ! ಅಲ್ಲಿಗೆ ದೋಣಿ ಹೋದರೆ ತಳ ಕೆಸರಿಗೆ ಕೂರುತ್ತದೆ. ಹಾಗಾಗಿ ಇಲ್ಲಿ ದೋಣಿಯಿಂದ ರಾಜಹಂಸ ಕಾಣುವುದು ದೂರದ ಗುಲಾಬಿ ಗೆರೆಯಾಗಿ ಮಾತ್ರ. ಹತ್ತಿರ ಹೋಗುತ್ತೇವೆಂದು ಮೋಟಾರು ಓಡಿಸುವವರೂ ಇದ್ದಾರೆ. ಈ ಹಕ್ಕಿಗೆ ಥಟ್ಟನೆ ಮೇಲೇಳಲು ಆಗುವುದಿಲ್ಲ, ನೀರಿನ ಮೇಲೆ ಓಡಿ ಓಡಿ ಏಳಬೇಕು. ಗುಜರಾತಿನ ಕಚ್ಛ್‌ನಂಥ ದೂರದಲ್ಲಿ ಮರಿಮಾಡಿ, ಇಲ್ಲಿ ಮೈ ತುಂಬಿಕೊಳ್ಳಲು ಬರುವ ಹಕ್ಕಿಯನ್ನು ಒಂದು ಫೋಟೋಗಾಗಿ ದಿನಕ್ಕೆ ನಾಲ್ಕು ಸಲ ಓಡಿಸುವುದು ನನ್ನ ಕಣ್ಣಿಗೆ ಹೊಡೆತದಷ್ಟೇ ಕೆಟ್ಟದ್ದು.

ದೋಣಿಗಿಂತ ಒಳ್ಳೆಯದು ರಸ್ತೆ. ಆಂಧ್ರದ ಸೂಳೂರುಪೇಟೆಯಿಂದ ಶ್ರೀಹರಿಕೋಟಾಕ್ಕೆ ಹೋಗುವ ಸುಮಾರು 18 ಕಿ.ಮೀ. ರಸ್ತೆ ಸರೋವರವನ್ನು ಸೀಳಿಕೊಂಡು ಹೋಗುತ್ತದೆ. ಹಕ್ಕಿಗಳು ಎರಡೂ ಬದಿಗೆ, ಕೆಲವು ದಿನ ಕಲ್ಲೆಸೆತದ ದೂರದಲ್ಲಿ. ಬಾಹ್ಯಾಕಾಶ ಕೇಂದ್ರದ ಬಸ್ಸು, ಲಾರಿ ಓಡಾಡುವುದನ್ನು ನೋಡಿ ನೋಡಿ ಅವಕ್ಕೆ ವಾಹನದ ಹೆದರಿಕೆ ಇಲ್ಲ, ಇಳಿದು ನಡೆದುಬರುವ ಮನುಷ್ಯನ ಹೆದರಿಕೆ ಇದೆ. ಕಾರಿನೊಳಗೇ ಕೂತಿರಿ. ರಸ್ತೆ ಹೆಚ್ಚುಕಡಿಮೆ ಪೂರ್ವಕ್ಕೆ ಹೋಗುತ್ತದೆ, ಜನವರಿಯ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆದ್ದರಿಂದ ಎಡಗಡೆ, ಅಂದರೆ ಉತ್ತರದ ನೀರಿನ ಹಕ್ಕಿಗಳ ಮೇಲೆ ಬೆಳಕು ಚೆನ್ನಾಗಿ ಬೀಳುತ್ತದೆ. ಒಂಬತ್ತೂವರೆ ಮೀರಿದರೆ ನೀರಿನ ಮೇಲೆ ಬಿಸಿಲಿನ ಝಳ ಕುಣಿಯತೊಡಗಿ ದುರ್ಬೀನಿನಲ್ಲಿ ಎಲ್ಲ ಕಲಕಿದಂತೆ ಕಾಣುತ್ತದೆ. ಶ್ರೀಹರಿಕೋಟಾ ಕಾವಲಿರುವ ಜಾಗ, ಡ್ರೋನ್ ಹಾರಿಸುವ ಯೋಚನೆಯನ್ನೇ ಮಾಡಬೇಡಿ. ಹಾಗೆಯೇ, ಹಕ್ಕಿ ನೋಡಲು ಅನುಕೂಲವಾದ ಈ ರಸ್ತೆಯೇ ನೀರಿನ ಓಡಾಟಕ್ಕೆ ಕಟ್ಟೆಯಂತಾಗಿ ಉತ್ತರ ಭಾಗ ಬೇಗ ಒಣಗುವುದಕ್ಕೂ ಕಾರಣವಾಗಿದೆ. ಕಾಲುವೆಯೂ ಈ ಸರೋವರದ ಪೂರ್ವದ ಅಂಚಿನಲ್ಲೇ, ಶ್ರೀಹರಿಕೋಟಾ ದ್ವೀಪದ ಒಳಮಗ್ಗುಲಿನಲ್ಲಿ ಹಾದುಹೋಗುತ್ತದೆ. ಗೊತ್ತಿಲ್ಲದವರಿಗೆ ಅದು ಸರೋವರದ ಇನ್ನೊಂದು ಗೆರೆ ಅಷ್ಟೆ.

ನಮ್ಮ ಕ್ಯಾಲೆಂಡರಿನ ರಾಜಹಂಸ ಬಿಳಿ, ಸರಸ್ವತಿಯ ಪಕ್ಕದಲ್ಲಿರುತ್ತದೆ. ಇದು ಅದಲ್ಲ. ತಮಿಳರು ಇದನ್ನು ಪೂನಾರೈ ಅನ್ನುತ್ತಾರೆ, ಹೂವಿನಂಥ ಕೊಕ್ಕರೆ ಅಂತ. ನನಗೆ ಆ ಹೆಸರೇ ಇಷ್ಟ. ಅದು ತಿನ್ನುವುದನ್ನು ಮಗಳು ಐದು ನಿಮಿಷ ನೋಡಲಿ. ತಲೆಯನ್ನು ಪೂರ್ತಿ ತಲೆಕೆಳಗು ಮಾಡಿ ನೀರಿಗೆ ಇಳಿಸುತ್ತದೆ. ನಾಲಿಗೆ ಪಂಪಿನ ದಂಡದಂತೆ ಹಿಂದೆ ಮುಂದೆ ಆಡಿ ನೀರನ್ನು ಎಳೆದು ಹೊರದೂಡುತ್ತದೆ, ಕೊಕ್ಕಿನಂಚಿನ ಬಾಚಣಿಗೆಯಂಥ ಎಳೆಗಳಲ್ಲಿ ಸೀಗಡಿ ಜಾತಿಯ ಸಣ್ಣ ಹುಳುಹುಪ್ಪಟೆ, ಪಾಚಿ ಸಿಕ್ಕಿಕೊಳ್ಳುತ್ತವೆ. ಅಕ್ಕಿ ಜರಡಿ ಹಿಡಿದಂತೆಯೇ. ಕೆಲವು ನಿಂತಲ್ಲೇ ತುಳಿಯುತ್ತಾ ಸುತ್ತುತ್ತವೆ, ತಳದ ಕೆಸರು ಕದಡಿ ಆಹಾರ ಮೇಲೇಳಲಿ ಎಂದು. ಬಣ್ಣ ಬರುವುದೂ ಆ ಊಟದಿಂದಲೇ, ಮರಿಗಳು ಬೂದು. ಗುಂಪಿನಲ್ಲಿ ಬೂದು ಬಣ್ಣದವು ಎಷ್ಟಿವೆ ಎಂದು ಎಣಿಸಲು ಹೇಳಿ, ಸುಮ್ಮನೆ ಕೂರಿಸಲು ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ.

ಸರೋವರದಲ್ಲಿ ದೋಣಿ ಬೇಕೇ ಬೇಕೆಂದರೆ ಒಂದು ಎಚ್ಚರಿಕೆ. ದಕ್ಷಿಣದ ತುದಿಯ ಪುಲಿಕಾಟ್ ಊರಿನಲ್ಲಿ, ತಮಿಳಿನ ಪಳವೇರ್ಕಾಡಿನಲ್ಲಿ, 2011ರ ಕ್ರಿಸ್‌ಮಸ್ ದಿನ ದೋಣಿ ಮಗುಚಿ 22 ಮಂದಿ ತೀರಿಕೊಂಡರು. ಆಮೇಲೆ ಅಲ್ಲಿ ಪ್ರವಾಸಿಗರ ದೋಣಿಯಾನವನ್ನು ನಿಷೇಧಿಸಲಾಯಿತು. ಆದರೂ "ಬನ್ನಿ ಸಾರ್, ಅಳಿವೆವರೆಗೂ ಹೋಗಿಬರೋಣ" ಎಂದು ಕರೆಯುವವರು ಸಿಗುತ್ತಾರೆ. ಹತ್ತಬೇಡಿ. ಅಳಿವೆಯ ಬಾಯಲ್ಲಿ ಇಳಿತದ ನೀರು ಕಡಲಿಗೆ ಎಳೆಯುವ ರಭಸ ದಡದಲ್ಲಿ ನಿಂತವರಿಗೆ ತಿಳಿಯುವುದಿಲ್ಲ. ಆ ಊರಿಗೆ ಹೋಗುವುದಾದರೆ ನೆಲದ ಮೇಲಿನದ್ದನ್ನು ನೋಡಿ. ಡಚ್ಚರು 1613ರಲ್ಲಿ ಕಟ್ಟಿದ ಗೆಲ್ಡ್ರಿಯಾ ಕೋಟೆಯ ಅವಶೇಷ ಇದೆ, ಪೊದೆ ಮುಚ್ಚಿದೆ. ಅವರ ಸ್ಮಶಾನದ ಹೆಬ್ಬಾಗಿಲಲ್ಲಿ ಕೆತ್ತಿದ ಅಸ್ಥಿಪಂಜರಗಳು ಮಾತ್ರ ಇವತ್ತಿಗೂ ಗಟ್ಟಿಯಾಗಿ ನಿಂತಿವೆ.

ದೋಣಿಗೆ ಆಂಧ್ರದ ಕಡೆಯ ಭೀಮುನಿವಾರಿಪಾಳೆಂ ವಾಸಿ. ಚೆನ್ನೈ-ಕೋಲ್ಕತ್ತ ಹೆದ್ದಾರಿಯ ತಡ ಎಂಬ ಊರಿನಿಂದ ಒಳಕ್ಕೆ ಹೋಗಬೇಕು. ಇರಕಂ ದ್ವೀಪದ ಜನ ಓಡಾಡುವುದು ಅಲ್ಲಿಂದಲೇ. ಸೂಳೂರುಪೇಟೆಯ ಫ್ಲೆಮಿಂಗೊ ಹಬ್ಬ ಸಾಮಾನ್ಯವಾಗಿ ಜನವರಿಯ ಆಸುಪಾಸಿನಲ್ಲಿ ನಡೆಯುತ್ತದೆ, ಆಗ ಪ್ರವಾಸಿಗರಿಗೂ ದೋಣಿ ಬಿಡುತ್ತಾರೆ. ಹಬ್ಬದ ದಿನಗಳಲ್ಲಿ ಜಾತ್ರೆ, ಅದನ್ನು ತಪ್ಪಿಸಿಯೇ ಹೋಗಿ. ಹೊರಡುವ ಮುಂಚೆ ಅರಣ್ಯ ಇಲಾಖೆಯವರಲ್ಲಿ ದೋಣಿ ಉಂಟೇ ಎಂದು ಕೇಳಿಕೊಳ್ಳಿ. ಅಪ್ಪ, ಮಗಳಿಬ್ಬರಿಗೂ ಮೈಗೆ ಸರಿಯಾಗುವ ಜಾಕೆಟ್ಟು ಇಲ್ಲವೆಂದರೆ ಹತ್ತಬೇಡಿ. ಮಧ್ಯಾಹ್ನ ಕಡಲಗಾಳಿ ಎದ್ದರೆ ಇಷ್ಟು ಅಗಲದ ತೆಳುನೀರಿನಲ್ಲಿ ಗಿಡ್ಡ, ಒರಟು ಅಲೆ ಏಳುತ್ತದೆ, ಹನ್ನೊಂದರೊಳಗೆ ದಡದಲ್ಲಿರಿ.

ಆ ದೋಣಿಯಲ್ಲಿ ಏನು ನೋಡಬೇಕೆಂದು ನಾನು ಕಲಿತದ್ದು ಸಿಕ್ಕಿಹಾಕಿಕೊಂಡು. ನಿಷೇಧಕ್ಕೆ ಎಷ್ಟೋ ಮುಂಚಿನ ಮಾತು. ದಕ್ಷಿಣದ ಕಡೆ ಮೀನುಗಾರನೊಬ್ಬನ ದೋಣಿಯಲ್ಲಿ ಹೋಗಿದ್ದೆ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ನಾನೇ ಅವನನ್ನು ರಾಜಹಂಸಗಳ ಕಡೆಗೆ ನೂಕಿಸಿದೆ. ಇಳಿತ ಶುರುವಾಗಿದ್ದನ್ನು ಅವನು ಹೇಳಿದ, ನಾನು ಕೇಳಲಿಲ್ಲ. ತಳ ಕೂತಿತು. ಗಳ ಊರಿ ನೂಕಿದ, ಗಳವೇ ಎರಡಡಿ ಕೆಸರಿಗೆ ಇಳಿಯಿತು, ದೋಣಿ ಅಲುಗಲಿಲ್ಲ. "ನೀರು ಬರಬೇಕು ಸಾರ್," ಎಂದು ಬೀಡಿ ಹಚ್ಚಿ ಕೂತ. ಎರಡು ಗಂಟೆ ಮೇಲಾಯಿತು. ಹಂಸಗಳು ಹಾರಿಹೋಗಿ ಬಹಳ ಹೊತ್ತಾಗಿತ್ತು. ಸುಮ್ಮನೆ ಕೂತ ಮೇಲೆ ಕೆಸರೇ ಎದ್ದುಬಂದಂತೆ ತೂತುತೂತಿನಿಂದ ಏಡಿಗಳು ಹೊರಬಂದವು. ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ ದೋಣಿಯ ಮೂತಿಯಿಂದ ನಾಲ್ಕು ಮಾರು ದೂರದಲ್ಲಿ, ನಾವು ಮರದ ಕೊರಡೇನೋ ಎಂಬಂತೆ ಮೇಯುತ್ತಿತ್ತು. ಆಚೆ ಮೂವರು ಹೆಂಗಸರು ಎದೆಮಟ್ಟ ನೀರಿನಲ್ಲಿ ಕುಕ್ಕರಗಾಲಲ್ಲಿ ಸಾಗುತ್ತಾ ಎರಡೂ ಕೈಯಿಂದ ತಳ ತಡವಿ ಸಿಗಡಿ ಹಿಡಿಯುತ್ತಿದ್ದರು. ಕೈ ಎರಡೂ ಕೆಲಸದಲ್ಲಿರುವುದರಿಂದ ತಾಳೆಗರಿಯ ಬುಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು. ಸಿಗಡಿ ಸಿಕ್ಕಾಗಲೊಮ್ಮೆ ಕೈ ಬಾಯಿಯ ಹತ್ತಿರ ಬಂದು ಹೋಗುತ್ತಿತ್ತು, ಅಷ್ಟೇ ಸದ್ದು. ಅಲ್ಲಿ ಬಲೆ ಹಾಕುವುದಕ್ಕೂ ಊರಿನ ಕಟ್ಟಳೆ ಇದೆ, ಅದನ್ನು ಪಾಡು ಅನ್ನುತ್ತಾರೆ. ಯಾವ ಜಾಗದಲ್ಲಿ ಯಾರು ಯಾವ ದಿನ ಬಲೆ ಬಿಡಬೇಕೆಂಬುದು ಸರದಿಯ ಮೇಲೆ ನಡೆಯುತ್ತದೆ. ಒಳ್ಳೆಯ ಜಾಗವೆಂದು ಒಬ್ಬನೇ ಹಿಡಿದು ಕೂರುವಂತಿಲ್ಲ.

ಆದ್ದರಿಂದ ದೋಣಿಯವನಿಗೆ ಒಂದೇ ಮಾತು ಹೇಳಿ: ಅರ್ಧ ಗಂಟೆ ಮೋಟಾರು ನಿಲ್ಲಿಸು. ಬಾಡಿಗೆ ಅಷ್ಟೇ ಕೊಡುತ್ತೇವೆ ಎಂದೂ ಸೇರಿಸಿ, ಇಲ್ಲವಾದರೆ ಅವನಿಗೆ ನಂಬಿಕೆ ಬರುವುದಿಲ್ಲ.

ನಾಲ್ಕು ದಿನದಲ್ಲಿ ಒಂದು ಮುಂಜಾನೆಯನ್ನು ನೇಲಪಟ್ಟು ಪಕ್ಷಿಧಾಮಕ್ಕೆ ಇಟ್ಟುಕೊಳ್ಳಿ. ಸೂಳೂರುಪೇಟೆಯಿಂದ ಉತ್ತರಕ್ಕೆ ಸುಮಾರು 20 ಕಿ.ಮೀ., ದೊರವಾರಿಸತ್ರದ ಹತ್ತಿರ. ನೀರಿನಲ್ಲೇ ನಿಂತ ಮರಗಳ ಮೇಲೆ ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್‌ಗಳು, ಗೂಡು ಕಟ್ಟಿರುತ್ತವೆ, ಜನವರಿಯಲ್ಲಿ ಮರಿಗಳಿರುತ್ತವೆ. ಮದ್ದೂರಿನ ಕೊಕ್ಕರೆಬೆಳ್ಳೂರಿನಲ್ಲಿ ಊರ ಹುಣಸೆಮರದ ಮೇಲೆ ನೋಡಿದ್ದ ಅದೇ ಹಕ್ಕಿ. ಇಲ್ಲಿ ಮಾತ್ರ ಸುತ್ತ ಮನೆಯಿಲ್ಲ, ಮಾತಿಲ್ಲ. ಮರಿ ತನ್ನ ತಲೆಯನ್ನು ತಾಯಿಯ ಗಂಟಲ ಚೀಲದೊಳಕ್ಕೆ ಕುತ್ತಿಗೆವರೆಗೂ ತೂರಿಸಿ ಮೀನು ತಿನ್ನುವುದು ದುರ್ಬೀನಿಲ್ಲದೆಯೂ ಕಾಣುತ್ತದೆ.

ಬೆಂಗಳೂರಿನಿಂದ ಮೊದಲು ಸೂಳೂರುಪೇಟೆಗೆ ಬನ್ನಿ, ಕೋಲಾರ, ಚಿತ್ತೂರು, ತಿರುಪತಿ, ಶ್ರೀಕಾಳಹಸ್ತಿ ದಾರಿ. ಎರಡು ರಾತ್ರಿ ಅಲ್ಲಿ, ಮೂರನೆಯದು ಚೆನ್ನೈನಲ್ಲಿ. ನಾಲ್ಕನೆಯ ಬೆಳಿಗ್ಗೆ ಮುಟ್ಟುಕಾಡಿನ ದೋಣಿ, ಆಮೇಲೆ ಚೆಪಾಕ್‌ನಿಂದ ರೈಲು. ಡಿಸೆಂಬರಿನಲ್ಲಿ ಭಾರಿ ಮಳೆ ಬಿದ್ದ ವರ್ಷವಾದರೆ ಮಾತ್ರ ಪ್ರವಾಸವನ್ನು ಎರಡು ವಾರ ಮುಂದಕ್ಕೆ ಹಾಕಿ. ನೀರು ಇಳಿದು ಮೊಣಕಾಲಿಗೆ ಬರುವವರೆಗೆ ಪೂನಾರೈ ರಸ್ತೆಯ ಹತ್ತಿರ ಬರುವುದಿಲ್ಲ.